ಕೊಡ ಇಳಿಸಿದ ಜಾಗ

ಜನವರಿ 6, 2025, ಸೋಮವಾರ

ಥಿಯರಿ ಪರೀಕ್ಷೆಗೆ ಇನ್ನು ಐದು ವಾರವೂ ಉಳಿದಿಲ್ಲ. ಮೆಡಿಸಿನ್, ಸರ್ಜರಿ, ಓಬಿಜಿ, ಪೀಡಿಯಾಟ್ರಿಕ್ಸ್. ಮೊದಲ ಮೂರಕ್ಕೆ ಎರಡೆರಡು ಪೇಪರ್, ಮಕ್ಕಳ ವಿಭಾಗಕ್ಕೆ ಒಂದು, ಅದಾದ ಮೇಲೆ ಕ್ಲಿನಿಕಲ್ಸ್. ಡೇವಿಡ್‌ಸನ್, ಮಂಗಳೂರಿನ ಶ್ರೀರಾಮ ಭಟ್ಟರ ಎಸ್‌ಆರ್‌ಬಿ, ದತ್ತಾ, ಘಾಯ್ ನಾಲ್ಕೂ ಪುಸ್ತಕಗಳನ್ನು ಟ್ರಂಕಿನ ಮೇಲೆ ಜೋಡಿಸಿಟ್ಟು, ಒಂದೊಂದಕ್ಕೆ ಎಂಟು ದಿನ ಅಂತ ಹಂಚಿ ಗೋಡೆಗೆ ಚೀಟಿ ಅಂಟಿಸಿದ್ದೆ. ಇವತ್ತು ವಾರ್ಡಿನಿಂದ ಬಂದವಳೇ ಅದನ್ನು ಕಿತ್ತು ಹಾಕಿದೆ.

ಹೆಂಗಸರ ಮೆಡಿಕಲ್ ವಾರ್ಡಿನ ಹನ್ನೊಂದನೇ ಬೆಡ್ಡು. ಇಪ್ಪತ್ತನಾಲ್ಕು ವಯಸ್ಸಿನವಳು. ಏನಾಗ್ತದಮ್ಮ ಎಂದರೆ “ತೇಕು ಹತ್ತತೈತ್ರಿ” ಎಂದಳು. ಏದುಸಿರಿಗೆ ಪುಸ್ತಕದಲ್ಲಿ ನಾಲ್ಕು ದರ್ಜೆ ಇವೆ. ಎಷ್ಟು ಮೆಟ್ಟಿಲು ಹತ್ತಿದರೆ ಬರುತ್ತದೆ ಎಂದು ಕೇಳಿದೆ. ಅವರೂರಲ್ಲಿ ಮೆಟ್ಟಿಲು ಹತ್ತುವಂಥ ಮನೆಯೇ ಇಲ್ಲ. ಸ್ವಲ್ಪ ಯೋಚಿಸಿ ಅವಳೇ ಹೇಳಿದಳು: “ಬೋರಿಂದ ಮನೀಗೆ ಕೊಡ ತರೂದ್ರಾಗ ಮದುವ್ಯಾದ ಹೊಸತಾಗ ಒಮ್ಮೀನೂ ಇಳಸ್ತಿದ್ದಿಲ್ರಿ. ಹ್ವಾದ ವರ್ಷ ಬೇವಿನ ಗಿಡದ ಹತ್ರ ಒಮ್ಮೆ ಇಳಸ್ತಿದ್ನಿ. ಈಗ ಗಿಡದ ಹತ್ರ, ಹಣಮಪ್ಪನ ಗುಡಿ ಕಟ್ಟೀಗೆ, ಮತ್ತ ಅಗಸಿ ಮುಂದ.” ರಾತ್ರಿ ದಿಢೀರನೆ ಎಚ್ಚರಾಗಿ ಎದ್ದು ಕೂತುಕೊಳ್ಳುತ್ತಾಳಂತೆ, ಕಿಟಕಿಯ ಹತ್ತಿರ. ಎರಡು ವರ್ಷದಲ್ಲಿ ಒಂದು ಕಾಯಿಲೆ ಹೇಗೆ ಬೆಳೆಯಿತು ಅನ್ನುವುದನ್ನು ಕೊಡ ಇಳಿಸಿದ ಮೂರು ಜಾಗಗಳಲ್ಲಿ ಅವಳು ಗುರುತು ಮಾಡಿ ಕೊಟ್ಟಳು. ಕೇಸ್ ಶೀಟಿನಲ್ಲಿ ಅವಳ ಮಾತನ್ನು ಅವಳದೇ ಭಾಷೆಯಲ್ಲಿ ಬರೆದುಕೊಂಡೆ.

ಹೊರಡುವಾಗ ನನ್ನ ಏಪ್ರನ್ನಿನ ತೋಳು ಹಿಡಿದಳು. “ಅಕ್ಕಾರ, ನನಗ ಕೂಸು ಆದ್ರ ನಡೀತೈತೇನ್ರಿ?”

ಗೊತ್ತಿರಲಿಲ್ಲ. ಸರ್‌ನ ಕೇಳಿ ಹೇಳ್ತೀನಿ ಎಂದು ಬಂದೆ. ಅವಳ ಹೃದಯ ಡೇವಿಡ್‌ಸನ್ನಿನಲ್ಲಿದೆ, ಅವಳ ಕೂಸು ದತ್ತಾದಲ್ಲಿದೆ. ಎಂಟು ದಿನ ಒಂದು, ಎಂಟು ದಿನ ಇನ್ನೊಂದು ಅಂತ ಓದಿದರೆ ಈ ಪ್ರಶ್ನೆಯ ಹತ್ತಿರಕ್ಕೇ ನಾನು ಹೋಗುವುದಿಲ್ಲ. ಇನ್ನು ಮೇಲೆ ರೋಗಿ ಏನು ಹೇಳಿಕೊಂಡು ಬರುತ್ತಾರೋ ಆ ಒಂದು ಮಾತು ಹಿಡಿದು ನಾಲ್ಕೂ ಪುಸ್ತಕ ಬಿಚ್ಚಿಕೊಂಡು ಕೂರುವುದು.

ಜನವರಿ 8, ಬುಧವಾರ

ಇವತ್ತು ಕೇಳಿಸಿತು.

ಸರ್ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿದರು. ಮೊದಲು ಅಂಗೈ ಇಟ್ಟು ಎದೆಬಡಿತದ ತುದಿ ಎಲ್ಲಿದೆ ಹುಡುಕು, ಅಲ್ಲೇ ಬೆಲ್ ಇಡು ಎಂದರು. ನಾನು ಒತ್ತಿ ಹಿಡಿದಿದ್ದೆ. “ಹಗುರ ಇಡಮ್ಮ. ಒತ್ತಿದರೆ ಚರ್ಮ ಬಿಗಿಯಾಗಿ ಬೆಲ್ಲೂ ಡಯಾಫ್ರಮ್ ಆಗಿಬಿಡುತ್ತೆ, ದಪ್ಪ ಸದ್ದು ಸತ್ತುಹೋಗುತ್ತೆ.” ಉಸಿರು ಬಿಟ್ಟು ಹಾಗೇ ತಡೆದುಕೋ ಎಂದು ಅವಳಿಗೆ ಹೇಳಿದೆ. ಮೊದಲ ಸದ್ದು ಬಾಗಿಲು ಬಡಿದ ಹಾಗೆ ಜೋರಾಗಿತ್ತು. ಎರಡನೆಯದರ ಬೆನ್ನಿಗೇ ಒಂದು ಸಣ್ಣ ಟಕ್. ಆಮೇಲೆ ಆ ಗುಡುಗುಡು. ಊರಿನ ಮನೆಯ ಜಗಲಿಯಲ್ಲಿ ಮಲಗಿದರೆ ರಾತ್ರಿ ಘಟ್ಟ ಹತ್ತುವ ಲಾರಿಯ ಸದ್ದು ಕಾಡು ದಾಟಿ ಬರುತ್ತಿತ್ತಲ್ಲ, ಅದೇ. ಕಿವಿಗಿಂತ ಹೆಚ್ಚಾಗಿ ಎದೆಗೆ ತಿಳಿಯುವ ಸದ್ದು. ಮೈಟ್ರಲ್ ಸ್ಟೆನೋಸಿಸ್ ಎಂಬ ಹೆಸರು ಮೂರು ವರ್ಷದಿಂದ ಬಾಯಿಗೆ ಬರುತ್ತಿತ್ತು, ಇವತ್ತು ಅದರ ಪರಿಚಯ ಆಯಿತು.

ಎಕೋ ಬಂದಿದೆ. ಆರೋಗ್ಯವಂತರಲ್ಲಿ ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆದುಕೊಳ್ಳುವ ಕವಾಟ, ಇವಳದು 1.1.

ಮಧ್ಯಾಹ್ನ ಹೋಗಿ ಮತ್ತೆ ಕೇಳಿದೆ, ಚಿಕ್ಕವಳಿದ್ದಾಗ ಕೀಲುನೋವು ಬಂದಿತ್ತಾ ಅಂತ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಗಂಟಲುಬೇನೆ ಬಂದು ಹೋಗಿ ಎರಡು ಮೂರು ವಾರಕ್ಕೆ ಒಂದು ಮೊಣಕಾಲು ಬಾತಿತ್ತಂತೆ. ಅದು ಇಳಿಯುತ್ತಲೇ ಇನ್ನೊಂದು, ಆಮೇಲೆ ಮಣಿಕಟ್ಟು. ತೋರಿಸಿದ ಕಡೆ ನೋವಿನ ಮಾತ್ರೆ ಕೊಟ್ಟರು, ಹತ್ತು ದಿನದಲ್ಲಿ ಎಲ್ಲಾ ಹೋಯಿತು, ಮರೆತರು. ಘಾಯ್ ತೆಗೆದು, ಕವಾಟವನ್ನು ಹೀಗೆ ಕೆಡಿಸುವ ರೂಮ್ಯಾಟಿಕ್ ಜ್ವರದ ಅಧ್ಯಾಯ ಓದಿದೆ. ಅದನ್ನು ಗುರುತಿಸುವ ಜೋನ್ಸ್ ಮಾನದಂಡಗಳು 1944ರವು. 2015ರ ಪರಿಷ್ಕರಣೆಯಲ್ಲಿ ಈ ರೋಗ ಹೆಚ್ಚಿರುವ ಪ್ರದೇಶಗಳಿಗೆ ನಿಯಮ ಸಡಿಲಿಸಿ, ಒಂದೇ ಕೀಲು ಬಾತರೂ ಅದನ್ನು ಮುಖ್ಯ ಲಕ್ಷಣವಾಗಿ ಎಣಿಸಬಹುದು ಎಂದಿದ್ದಾರೆ. ಒಂಬತ್ತು ವರ್ಷದ ಹುಡುಗಿಯ ಮೊಣಕಾಲಲ್ಲಿ ಆಗಲೇ ಇದೆಲ್ಲ ಇತ್ತು. ಅವತ್ತಿನಿಂದ ಮೂರು ವಾರಕ್ಕೊಂದು ಪೆನಿಸಿಲಿನ್ ಸೂಜಿ ಬಿದ್ದಿದ್ದರೆ ಕೊಡ ಇವತ್ತೂ ನೇರ ಮನೆಗೆ ಬರುತ್ತಿತ್ತೇನೋ. ನನಗೆ ಸಿಟ್ಟು ಬಂದಿದೆ, ಬರಲಿ. ಈ ಅಧ್ಯಾಯ ಇನ್ನು ಮರೆಯುವುದಿಲ್ಲ.

ಜನವರಿ 11, ಶನಿವಾರ

ದತ್ತಾ ಹಿಡಿದು ಅವಳ ಪ್ರಶ್ನೆಗೆ ಕೂತೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು 30-32ನೇ ವಾರದ ಹೊತ್ತಿಗೆ ಶೇಕಡ 40ರಿಂದ 50ರಷ್ಟು ಏರುತ್ತದೆ. ನಾಡಿಯೂ ಜೋರಾಗುತ್ತದೆ. ಕವಾಟ ಕಿರಿದಾದವಳಿಗೆ ನಾಡಿ ಜೋರಾಗುವುದೇ ದೊಡ್ಡ ಅಪಾಯ: ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ತಾನೇ ರಕ್ತ ಆ ಸಂದಿನಿಂದ ಇಳಿಯಬೇಕು, ಆ ಬಿಡುವೇ ಕಮ್ಮಿಯಾಗುತ್ತದೆ. ಉಳಿದದ್ದು ಶ್ವಾಸಕೋಶಕ್ಕೆ ತುಂಬುತ್ತದೆ. ಹೆರಿಗೆ ಮುಗಿಯಿತು ಎಂದು ಎಲ್ಲರೂ ಉಸಿರುಬಿಡುವ ಹೊತ್ತಿಗೇ ಗರ್ಭಕೋಶ ಮುದುರಿ ತನ್ನೊಳಗಿನ ರಕ್ತವನ್ನೆಲ್ಲ ವಾಪಸು ತಳ್ಳುತ್ತದೆ. ಆ ಗಳಿಗೆಯಲ್ಲಿ ಹೋದವರಿದ್ದಾರೆ.

ಮತ್ತೆ ಮೆಥರ್ಜಿನ್. ಬಾಣಂತಿಯ ರಕ್ತಸ್ರಾವ ನಿಲ್ಲಿಸಲು ಬರೆಯುವ ಔಷಧಿಗಳ ಪಟ್ಟಿಯಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ. ಹೃದ್ರೋಗ ಇದ್ದವಳಿಗೂ ಬಿಪಿ ಏರಿದವಳಿಗೂ ಅದನ್ನು ಕೊಡಕೂಡದು. ಒಂದು ಬೆಡ್ಡಿನಲ್ಲಿ ಜೀವ ಉಳಿಸುವ ಆಂಪೂಲು ಪಕ್ಕದ ಬೆಡ್ಡಿನಲ್ಲಿ ತೆಗೆಯುತ್ತದೆ. ಎರಡೂ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಆಚೆ ಪುಟ ಈಚೆಗೆ, ಈಚೆ ಪುಟ ಆಚೆಗೆ ಬರೆದಿಟ್ಟೆ.

ರಕ್ತಸ್ರಾವದ ಪ್ರಸ್ತಾಪ ಬಂದಾಗೆಲ್ಲ ಬೆಳಗಾವಿ ನೆನಪಾಗುತ್ತದೆ. ಎಷ್ಟು ರಕ್ತ ಹೋಯಿತು ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಮ್ಮಿಯೇ ಹೇಳುತ್ತೇವೆ. ಅಲ್ಲಿನ ಸಂಶೋಧಕರು ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ ಮಾಡುವಾಗ, ಸೊಂಟದಡಿ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ಬಳಸಿದರು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು: ಹೆರಿಗೆಯ ನಂತರದ ಅಧಿಕ ರಕ್ತಸ್ರಾವ ಶೇಕಡ 12ರಿಂದ 6.4ಕ್ಕೆ ಇಳಿದಿತ್ತು. ಸೂಲಗಿತ್ತಿಯ ಕೈಗೂ ನಿಲುಕುವ ಒಂದು ಮಾತ್ರೆ, ಒಂದು ಚೀಲ. ನಮ್ಮ ನೆಲದ ಕೆಲಸ ಇದು. ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ಬರೆದೇ ಬರೆಯುತ್ತೇನೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ರೂಮಿನವಳ ಅವ್ವ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದಲಿ ಕಟ್ಟಿಸಿಕೊಂಡು ಬಸ್ಸಿಗೆ ಬಂದಿದ್ದರು. ನನಗೂ ಒಂದು ಡಬ್ಬಿ ಬೇರೆಯೇ ತಂದಿದ್ದರು. ಸಂಜೆ ಅಮ್ಮನ ಫೋನು. ತೋಟದಲ್ಲಿ ಅಡಿಕೆ ಕೊಯ್ಲು, ದರಗು ತರಲು ಕಾಡಿಗೆ ಹೋಗುವವರಿಗೆ ಆಶಾ ಕಾರ್ಯಕರ್ತೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಂಚಿ ಹೋಗಿದ್ದಾರಂತೆ. “ಮಂಗ ಸತ್ತದ್ದು ಕಂಡರೆ ಹೇಳಿ ಅಂದಿದಾರೆ ಮಾರಾಯ್ತಿ.”

ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಬೆನ್ನಿಗೆ ಜನಕ್ಕೆ ಜ್ವರ. ಉಣುಗು ಕಚ್ಚಿ ಬರುವ ವೈರಸ್. ನಮ್ಮ ಕಾಡಿನ ಹೆಸರು ಲೋಕದ ವೈದ್ಯಪುಸ್ತಕಗಳಲ್ಲಿ ಸೇರಿದ್ದು ಹೀಗೆ. ಒಮ್ಮೆಗೇ ಏರುವ ಜ್ವರ, ಸೊಂಟ ಮುರಿಯುವ ನೋವು, ಕೆಂಪು ಕಣ್ಣು, ಜ್ವರಕ್ಕೆ ತಕ್ಕಷ್ಟು ಓಡದ ನಾಡಿ, ಒಸಡಿನಲ್ಲಿ ರಕ್ತ. ಕೆಲವರಲ್ಲಿ ಜ್ವರ ಬಿಟ್ಟು ವಾರ ಎರಡು ವಾರಕ್ಕೆ ಮತ್ತೆ ಬಂದು ಮಿದುಳಿಗೆ ತಾಗುತ್ತದೆ. ಇದಕ್ಕೆಂದೇ ಔಷಧಿ ಇಲ್ಲ, ನೀರಿನಂಶ, ರಕ್ತದ ಒತ್ತಡ, ಪ್ಲೇಟ್ಲೆಟ್ ನೋಡಿಕೊಂಡು ದಾಟಿಸಬೇಕು. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವೂ ಇಲ್ಲ. ನಾನು ಎರಡು ಪುಟ ಬರೆದುಕೊಂಡೆ.

ಜನವರಿ 18, ಶನಿವಾರ

ಮಕ್ಕಳ ವಾರ್ಡು. ಹನ್ನೊಂದು ತಿಂಗಳ ಗಂಡುಮಗು, ಎರಡು ದಿನದಿಂದ ಭೇದಿ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿಯಿತು, ಕಣ್ಣು ಗುಳಿಬಿದ್ದಿತ್ತು, ಲೋಟ ಕಂಡರೆ ಎರಡೂ ಕೈ ಚಾಚುತ್ತಿತ್ತು. ಎಂಟು ಕೆಜಿ. ಪ್ಲಾನ್ ಬಿ: ಕೆಜಿಗೆ 75 ಮಿಲಿ, ಅಂದರೆ 600 ಮಿಲಿ, ನಾಲ್ಕು ಗಂಟೆಯಲ್ಲಿ, ಚಮಚದಲ್ಲಿ. ತಾಯಿ ಮನೆಯಲ್ಲೂ ಓಆರ್‌ಎಸ್ ಕೊಟ್ಟಿದ್ದಳು, ಆದರೆ ಲೀಟರಿಗೆ ಕಲಸಬೇಕಾದ ಪೊಟ್ಟಣವನ್ನು ಸ್ವಲ್ಪ ಸ್ವಲ್ಪ ಲೋಟಕ್ಕೆ ಉದುರಿಸಿ. ಗಟ್ಟಿಯಾದಷ್ಟೂ ಉಪ್ಪು ಏರುತ್ತದೆ. ಅಲ್ಲೇ ಲೀಟರಿನ ನೀರಿನ ಬಾಟಲಿ ತೋರಿಸಿ ಅವಳ ಕೈಯಲ್ಲೇ ಕಲಸಿಸಿದೆ.

1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹೊತ್ತಿ, ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಇವತ್ತು ನಾಲ್ಕು ಗಂಟೆ ಹೊತ್ತು ಆ ತಾಯಿ ಮಾಡಿದ್ದೂ ಅದನ್ನೇ. ಸಂಜೆ ಮಗು ಉಚ್ಚೆ ಹೊಯ್ಯಿತು. ಇಡೀ ವಾರ್ಡಿಗೆ ಕೇಳುವಂತೆ ಕೂಗಿ ಹೇಳಿದಳು.

ಜನವರಿ 20, ಸೋಮವಾರ

ಸರ್ಜರಿ. ಹರ್ನಿಯಾ, ಥೈರಾಯ್ಡ್, ಸ್ತನದ ಗಂಟು ಮೂರನ್ನೂ ತಿರುವಿ ಹಾಕಿದೆ. ಹರ್ನಿಯಾದ ಅಜ್ಜನಿಗೆ ಕೆಮ್ಮು ಇದೆಯಾ, ಮೂತ್ರಕ್ಕೆ ತಿಣುಕಬೇಕಾ, ಮಲಬದ್ಧತೆ ಇದೆಯಾ ಎಂದು ಕೇಳದೆ ಮೇಲಿನ ಗಂಟು ಮಾತ್ರ ನೋಡಿ ಬಂದರೆ ಹೊಲಿದದ್ದು ಮತ್ತೆ ಬಿಚ್ಚುತ್ತದೆ. ಅಜ್ಜನಿಗೆ ನಲವತ್ತು ವರ್ಷದ ಬೀಡಿ.

ಜನವರಿ 23, ಗುರುವಾರ

ರಾತ್ರಿ ಕ್ಯಾಶುವಾಲ್ಟಿಯಲ್ಲಿ ಹಾವು ಕಡಿದ ರೈತ. ಜೋಳದ ಹೊಲದಲ್ಲಿ, ಹಿಮ್ಮಡಿಯ ಮೇಲೆ. ಕಾಲು ಬಾತು ಬಿಗಿದಿತ್ತು, ಕೊಳಕುಮಂಡಲ ಇರಬೇಕು. ಹೆಪ್ಪುಗಟ್ಟುತ್ತದೆಯೇ ನೋಡಲು ಎರಡು ಮಿಲಿ ರಕ್ತವನ್ನು ಹೊಸ, ಒಣ ಗಾಜಿನ ಟ್ಯೂಬಿಗೆ ಹಾಕಿ ಅಲುಗಿಸದೆ ಇಪ್ಪತ್ತು ನಿಮಿಷ. ಪ್ಲಾಸ್ಟಿಕ್ ಆಗದು, ಸೋಪಿನಲ್ಲಿ ತೊಳೆದದ್ದೂ ಆಗದು. ಅವುಗಳಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಗೋಡೆ ಗಡಿಯಾರ ನೋಡುತ್ತ ನಿಂತೆ. ಅವನ ತಮ್ಮ ನನ್ನ ಮುಖ ನೋಡುತ್ತ ನಿಂತಿದ್ದ. ಇಪ್ಪತ್ತಾದ ಮೇಲೆ ಓರೆ ಮಾಡಿದೆ. ನೀರಿನ ಹಾಗೆ ಹರಿಯಿತು. ಹತ್ತು ವಯಲ್ ಆ್ಯಂಟಿವೆನಮ್ ಶುರುಮಾಡಿದರು.

ಬಂದು ಓದಿದೆ. ಕಟ್ಟುಹಾವು ಕಡಿದರೆ ಗಾಯವೂ ಕಾಣುವುದಿಲ್ಲ, ಉರಿಯೂ ಇಲ್ಲ. ನೆಲದಲ್ಲಿ ಮಲಗಿದ ಮಗು ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತದೆ. ಹೊಟ್ಟೆನೋವೆಂದು ಸರ್ಜರಿಗೆ ಕಳಿಸುವ ಮುಂಚೆ ರೆಪ್ಪೆ ಇಳಿಯುತ್ತಿದೆಯಾ ನೋಡಬೇಕು. ನಮ್ಮ ರಾಜ್ಯ 2024ರಲ್ಲಿ ಹಾವುಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ದೊಡ್ಡ ಕೆಲಸ.

ಜನವರಿ 27, ಸೋಮವಾರ

ಹನ್ನೊಂದನೇ ಬೆಡ್ಡಿನವಳಿಗೆ ಇವತ್ತು ಡಿಸ್ಚಾರ್ಜ್. ಕವಾಟ ಇನ್ನೂ ಮೆತ್ತಗಿದೆ, ಸುಣ್ಣ ಕಟ್ಟಿಲ್ಲ, ಬಲೂನಿನಿಂದ ಹಿಗ್ಗಿಸಲು ಬರುತ್ತದೆ ಎಂದು ಸರ್ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಅವಳ ಪ್ರಶ್ನೆಗೆ ಅವರ ಮುಂದೆಯೇ ನಾನು ಉತ್ತರ ಹೇಳಿದೆ, ಅತ್ತೆಯೂ ಪಕ್ಕದಲ್ಲಿದ್ದರು: ಮೊದಲು ಕವಾಟ, ಆಮೇಲೆ ಕೂಸು. ಅಲ್ಲಿಯವರೆಗೆ ತಿಂಗಳು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ನಿಂತರೆ ಮೊದಲ ತಿಂಗಳಲ್ಲೇ ದೊಡ್ಡಾಸ್ಪತ್ರೆಗೆ ಬರಬೇಕು, ಹೆರಿಗೆಯೂ ಅಲ್ಲೇ, ಹೃದಯದ ಚೀಟಿ ಎಲ್ಲಿಗೆ ಹೋದರೂ ಜೊತೆಗೇ ಇರಬೇಕು. ಸರ್ ತಲೆಯಾಡಿಸಿದರು. ಅತ್ತೆ, “ಅಲ್ಲೀತನಕ ನೀರು ನಾ ತರ್ತೀನಿ ತಗೋ” ಎಂದು ಸೊಸೆಯ ಚೀಲ ತಾವೇ ಹೆಗಲಿಗೆ ಹಾಕಿಕೊಂಡರು.

ಪೆನಿಸಿಲಿನ್ ಕಾರ್ಡಿನಲ್ಲಿ ಇವತ್ತಿನ ತಾರೀಕು ಸಿಸ್ಟರ್ ಬರೆದಿದ್ದರು. ಮುಂದಿನದನ್ನು ನಾನು ಬೆರಳು ಮಡಿಚಿ ಎಣಿಸಿದೆ, ಇಪ್ಪತ್ತೊಂದು ದಿನ. ಫೆಬ್ರವರಿ 17, ಸೋಮವಾರ. ಅವತ್ತು ಅವರೂರಲ್ಲಿ ಸಂತೆಯಂತೆ, ನೆನಪಿರುತ್ತದೆ ಎಂದಳು. ಕನ್ನಡ ಅಂಕಿಯಲ್ಲೇ ದೊಡ್ಡದಾಗಿ ಬರೆದು ಕೊಟ್ಟೆ.