ನಂಬರ್ ಹಾಕೋದು ಯಾರು? (ಭಾಗ 4)

ಹೋದ ಸೆಮ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಸೈನ್‌ಮೆಂಟ್ ಇತ್ತಲ್ಲ, ಹತ್ತು ಜನರ ಹತ್ರ ಪ್ರಶ್ನಾವಳಿ ತುಂಬಿಸ್ಕೊಂಡು ಬನ್ನಿ ಅಂತ. ನಾನು ತಗೊಂಡಿದ್ದು ವಿಶ್ವ ಆರೋಗ್ಯ ಸಂಸ್ಥೆಯವರು ಜೀವನದ ಗುಣಮಟ್ಟ ಅಳೆಯೋಕೆ ಮಾಡಿರೋದು. 26 ಪ್ರಶ್ನೆ, ಒಂದೊಂದಕ್ಕೂ 1ರಿಂದ 5. ಒಂಬತ್ತು ಜನ ಮುಗಿದ್ರು. ಹತ್ತನೆಯವನು ದೊಡ್ಡಮ್ಮನ ಮಗ, ನಮ್ಮಣ್ಣ. 27 ವರ್ಷ. ಆಟಿಸಂ ಇದೆ.

ಆದ್ರೆ ನಾನು ಕೇಳಿದ್ದು ದೊಡ್ಡಮ್ಮನ್ನ.

"ಫ್ರೆಂಡ್ಸ್ ಸಪೋರ್ಟ್ ಬಗ್ಗೆ ತೃಪ್ತಿ ಇದೆಯಾ?"
"ಎಲ್ಲಿಯ ಫ್ರೆಂಡ್ಸು ಇವನಿಗೆ, 1 ಹಾಕು."

ಹಾಕ್ದೆ. ಆಗ ರೂಮಿಂದ ಅಣ್ಣ ಅಂದ, "ನಾನು ಇಲ್ಲೇ ಇದೀನಿ."

ಪೇಪರ್ ಅವನ ಕೈಗೇ ಕೊಟ್ಟೆ. 1 ಹೊಡೆದು 4 ಬರೆದ. ದಿನಾ ರಾತ್ರಿ ಒಬ್ಬರ ಜೊತೆ ಆನ್‌ಲೈನ್ ಚೆಸ್ ಆಡ್ತಾನಂತೆ, ಎರಡು ವರ್ಷದಿಂದ. "ಅವರು ಮಾತಾಡಲ್ಲ. ಅದಕ್ಕೇ ಇಷ್ಟ." ದೊಡ್ಡಮ್ಮನಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಆಟಿಸಂ ಸರ್ಟಿಫಿಕೇಟಿಗೆ ಬಳಸೋ ಐಎಸ್‌ಎಎ ಅಂತ ಒಂದಿದೆ. 40 ಅಂಶ, ಅದಕ್ಕೂ 1ರಿಂದ 5. ಸ್ಕೋರ್ ಜಾಸ್ತಿ ಆದಷ್ಟು ತೊಂದರೆ ಜಾಸ್ತಿ ಅಂತ ಅರ್ಥ. ಸೌಲಭ್ಯ ಸಿಗೋಕೆ ಅದು ಬೇಕೇ ಬೇಕು, ಬೈತಿಲ್ಲ. ಆದ್ರೆ ಅಣ್ಣನ ಚೆಸ್ ಅದರಲ್ಲಿ ಎಲ್ಲೂ ಬರಲ್ಲ.

ಆಮೇಲೆ ಹುಡುಕಿದಾಗ ಎಎಸ್‌ಕ್ಯೂಒಎಲ್ ಸಿಕ್ತು. ಇಂಗ್ಲೆಂಡಿನ ನ್ಯೂಕಾಸಲ್ ಯೂನಿವರ್ಸಿಟಿಯ ಹೆಲೆನ್ ಮೆಕಾನಕಿ ಮತ್ತವರ ತಂಡ 2018ರಲ್ಲಿ ಪ್ರಕಟಿಸಿದ್ದು. ಅವರು ಆಟಿಸಂ ಇರೋ ವಯಸ್ಕರನ್ನೇ ಕೂರಿಸಿ, ಈ ಹಳೇ ಪ್ರಶ್ನೆಗಳು ನಿಮಗೆ ಹೊಂದುತ್ತಾ, ಏನು ಬಿಟ್ಟುಹೋಗಿದೆ ಅಂತ ಕೇಳಿದ್ರು. ಕೊನೆಗೆ 26ರ ಜೊತೆ ಬಳಸೋಕೆ 9 ಹೊಸ ಪ್ರಶ್ನೆ ಬಂತು. ಗೊತ್ತಿರೋರ ಜೊತೆ ನೀವು ನೀವಾಗೇ ಇರೋಕಾಗುತ್ತಾ? ಶಬ್ದ, ಬೆಳಕು ಇಂಥವು ನಿಮಗೆ ಅಡ್ಡ ಬರುತ್ತಾ? ಆಟಿಸಂ ನಿಮ್ಮ ಗುರುತಿನ ಭಾಗ ಅನ್ನೋದು ನಿಮಗೆ ಓಕೆನಾ? ಹೀಗೆ. ಇವನ್ನ ಡಾಕ್ಟರ್ ಆಗಲಿ ಅಮ್ಮ ಆಗಲಿ ಹೊರಗಿಂದ ನೋಡಿ ಹೇಗೆ ತುಂಬ್ತಾರೆ ಹೇಳಿ.

ಶಬ್ದದ್ದು ಓದಿದ ತಕ್ಷಣ ಅಣ್ಣ ಅಂದ, "ಅಕ್ಕನ ಮದುವೆ."

ಅವತ್ತು ವಾಲಗ ಶುರುವಾಗ್ತಿದ್ದಂಗೆ ಕಲ್ಯಾಣ ಮಂಟಪದಿಂದ ಎದ್ದು ಹೋಗಿದ್ದ. ಧಾರೆ ಹೊತ್ತಿಗೂ ಬರಲಿಲ್ಲ. ಪಾರ್ಕಿಂಗ್‌ಗೆ ಹೋಗಿ ನಾನೇ ಬೈದಿದ್ದೆ, "ಒಂದಿನ ಎಲ್ಲರ ಥರ ಇರೋಕಾಗಲ್ವಾ?" ಅಂತ. ಎಲ್ಲರೆದುರು. ಅವನಿಗೆ ನಾನು ಹಾಕಿದ್ದ ಬಟ್ಟೆ ಬಣ್ಣದ ಸಮೇತ ನೆನಪಿದೆ.

"ಸಾರಿ" ಅಂದೆ. "ಸರಿ" ಅಂದ. ಅಷ್ಟೇ ಮಾತು.

ಅಸೈನ್‌ಮೆಂಟಿಗೆ 10ಕ್ಕೆ 7 ಬಂತು. ಹತ್ತನೇ ಹಾಳೆಯಲ್ಲಿ ಚಿತ್ತು ಜಾಸ್ತಿ ಅಂತೆ.

ಫೋಟೋದಲ್ಲಿರೋದು ಆ ಹಾಳೆ. ಮುಖ ಹಾಕಬೇಡ ಅಂದಿದಾನೆ. ಇದನ್ನ ಪೋಸ್ಟ್ ಮಾಡೋ ಮುಂಚೆ ಓದಿ ಎರಡು ಸಾಲು ತೆಗೆಸಿದ. ಯಾವುವು ಅಂತ ಕಮೆಂಟಲ್ಲಿ ಕೇಳಬೇಡಿ.