ಹಳೇ ಕಂಪ್ಯೂಟರ್, ತಮ್ಮನ ದನಿ

ನಮ್ಮ ಮನೆಯ ಕಂಪ್ಯೂಟರಿಗೆ ಹತ್ತು ವರ್ಷ ದಾಟಿದೆ. 2014ರಲ್ಲಿ ನಾನು ಇಂಜಿನಿಯರಿಂಗ್ ಸೇರಿದಾಗ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಡಿಸಿದ್ದು. ಹಾಸನದ ಮನೆಯ ಹಾಲ್‌ನಲ್ಲಿ, ಟೀವಿ ಪಕ್ಕ ಅದಕ್ಕೊಂದು ಮೇಜು. ಹೆಸರಿಗೆ ನನ್ನ ಓದಿಗೆ. ನಿಜಕ್ಕೂ ಅದರ ಮುಂದೆ ಹೆಚ್ಚು ಹೊತ್ತು ಕೂತದ್ದು ನಾನೂ ನನ್ನ ತಮ್ಮನೂ, ಕೌಂಟರ್ ಸ್ಟ್ರೈಕ್ ಆಡೋಕೆ. ಇರೋದು ಒಂದೇ ಕುರ್ಚಿ. ಒಬ್ಬರು ಸತ್ತರೆ ಇನ್ನೊಬ್ಬರು ಕೂರೋದು ಅನ್ನೋದು ಒಪ್ಪಂದ. ಅವನು ಸಾಯ್ತಾನೇ ಇರ್ಲಿಲ್ಲ, ಅದೇ ಜಗಳ.

ಆಮೇಲೆ ನಾನು ಬೆಂಗಳೂರಿಗೆ ಬಂದೆ, ಅವನು ಪುಣೆಗೆ ಹೋದ. ಕಂಪ್ಯೂಟರ್ ನನ್ನ ಜೊತೆ ವಿಜಯನಗರದ ಬಾಡಿಗೆ ಮನೆಗೆ ಬಂತು. ಅವನು ಫೋನ್ ಮಾಡಿ ಮಾತಾಡೋ ಜಾತಿಯವನಲ್ಲ. ಅಮ್ಮ ಕೇಳಿದ್ರೂ 'ಹ್ಞೂ, ಚೆನ್ನಾಗಿದೀನಿ', ನಾನು ಕೇಳಿದ್ರೂ ಅದೇ. ಆದರೆ ಶನಿವಾರ ರಾತ್ರಿ ಹತ್ತಕ್ಕೆ ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡು ಆಡೋಕೆ ಕೂತರೆ, ಒಂದು ರೌಂಡಿಗೂ ಇನ್ನೊಂದು ರೌಂಡಿಗೂ ನಡುವೆ ಎಲ್ಲಾ ಹೇಳ್ತಿದ್ದ. ಮ್ಯಾನೇಜರ್ ಕಾಟ, ರೂಮ್‌ಮೇಟ್ ಅಡುಗೆ, ಒಂದು ಸಲ ಒಬ್ಬ ಹುಡುಗಿಯ ವಿಷಯ. ಎದುರಿಗೆ ಮುಖ ಕಾಣಲ್ವಲ್ಲ, ಅದಕ್ಕೇ ಇರಬೇಕು.

2023ರ ಸೆಪ್ಟೆಂಬರ್‌ನಲ್ಲಿ ನಾವು ಆಡ್ತಿದ್ದ ಆಟದ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಬಂತು. ಹಳೆಯದನ್ನೇ ಆಡ್ಕೊಂಡು ಇರ್ತೀನಿ ಅನ್ನೋ ಹಾಗಿರಲಿಲ್ಲ, ಅಪ್‌ಡೇಟ್ ಆದ ಮೇಲೆ ಹೊಸದೇ. ಅಲ್ಲಿಂದ ನನ್ನ ಕಂಪ್ಯೂಟರಿಗೆ ಏದುಸಿರು. ತಿರುಗಿ ನೋಡೋ ಹೊತ್ತಿಗೆ ಪರದೆ ಅರ್ಧ ಸೆಕೆಂಡ್ ನಿಂತುಬಿಡೋದು. ಮತ್ತೆ ಚಾಲೂ ಆದಾಗ ನಾನು ಸತ್ತಿರ್ತಿದ್ದೆ. ಅದಕ್ಕಿಂತ ಕಿರಿಕಿರಿ ಅಂದ್ರೆ ದನಿ. ತಮ್ಮ ಮಾತಾಡಿದರೆ ನೀರೊಳಗಿಂದ ರೋಬೋ ಮಾತಾಡಿದ ಹಾಗೆ ತುಂಡು ತುಂಡು.

ಡಿಸೆಂಬರ್‌ನ ಒಂದು ಶನಿವಾರ ಅವನು ಏನೋ ಹೇಳಿದ. ನನಗೆ ಕೇಳಿಸಿದ್ದು 'ಅಕ್ಕಾ... ಕೆಲಸ... ಹೋಗ...' ಅಷ್ಟೆ. ಕೆಲಸಕ್ಕೆ ಹೋಗೋಕೆ ಬೇಜಾರು ಅಂತಿದಾನೆ ಅಂದ್ಕೊಂಡು, 'ಎಲ್ಲರಿಗೂ ಹಂಗೇ ಕಣೋ' ಅಂತ ನಕ್ಕೆ. ಅವನು ಸುಮ್ಮನಾದ. ಎರಡು ರೌಂಡ್ ಆದ ಮೇಲೆ ನಿದ್ದೆ ಬರ್ತಿದೆ ಅಂತ ಹೊರಟುಬಿಟ್ಟ. ಮುಂದಿನ ಎರಡು ಶನಿವಾರ ಆನ್‌ಲೈನ್ ಬರಲೇ ಇಲ್ಲ. 'ನಿನ್ನ ಕಂಪ್ಯೂಟರ್ ಸರಿ ಮಾಡ್ಸು, ಆಮೇಲೆ ಆಡೋಣ' ಅಂತ ಒಂದು ಮೆಸೇಜ್ ಹಾಕಿದ.

ಸರಿ, ಮಾಡಿಸೋಣ ಅಂತ ನಾನು ಮೊದಲು ಮಾಡಿದ್ದೇ ತಪ್ಪು. ಯಾವುದನ್ನೂ ಅಳೆದು ನೋಡದೆ ಸೀದಾ ಗ್ರಾಫಿಕ್ಸ್ ಕಾರ್ಡ್ ತಂದೆ. ಗೇಮ್ ಅಂದ್ರೆ ಗ್ರಾಫಿಕ್ಸ್ ಕಾರ್ಡ್ ತಾನೆ? ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650, ಏಳು ಸಾವಿರ. ಬೇರೆ ಪವರ್ ಕೇಬಲ್ ಬೇಡದ ಮಾದರಿ, ಮದರ್‌ಬೋರ್ಡ್ ಸ್ಲಾಟ್‌ನಿಂದ ಸಿಗೋ 75 ವ್ಯಾಟ್‌ನಲ್ಲೇ ನಡೆಯುತ್ತೆ, ಹಾಗಾಗಿ ಹಳೇ ಎಸ್‌ಎಂಪಿಎಸ್ ಸಾಕಾಯ್ತು. ಹಾಕಿ ನೋಡಿದರೆ ಚಿತ್ರ ಚೆಂದ ಆಯ್ತು, ನಿಲ್ಲೋದು ನಿಲ್ಲಲಿಲ್ಲ.

ಆಗ ಕ್ಯಾಬಿನೆಟ್ ಹೊತ್ತುಕೊಂಡು ಎಸ್‌ಪಿ ರೋಡಿಗೆ ಹೋದೆ. ಮೊದಲ ಅಂಗಡಿಯವರು ಅದನ್ನು ಬಿಚ್ಚಲೂ ಇಲ್ಲ. 'ಮೇಡಂ, ಇದು ಫೋರ್ತ್ ಜನರೇಶನ್. ಹೊಸ ಸೆಟ್ ತಗೊಳ್ಳಿ, ಅರವತ್ತು ಸಾವಿರದಲ್ಲಿ ಮುಗಿಸ್ತೀನಿ' ಅಂದರು. ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ಒಬ್ಬರು ವಯಸ್ಸಾದವರು ಮಾತ್ರ ಒಂದು ಪ್ರಶ್ನೆ ಕೇಳಿದರು: 'ಆಡುವಾಗ ಟಾಸ್ಕ್ ಮ್ಯಾನೇಜರ್ ನೋಡಿದೀರಾ?'

ನೋಡಿರಲಿಲ್ಲ. ಅಲ್ಲೇ ಪ್ಲಗ್ ಹಾಕಿ, ಆಟ ಶುರು ಮಾಡಿ ತೋರಿಸಿದರು. ಮೆಮೊರಿ 97 ಪರ್ಸೆಂಟ್, ಡಿಸ್ಕ್ 100. 'ನಿಮ್ಮ ರ‍್ಯಾಮ್ 4 ಜಿಬಿ. ಈ ಆಟಕ್ಕೆ ಕನಿಷ್ಠ 8 ಬೇಕು. ಸಾಲದಿದ್ದಾಗ ಅದು ಹಾರ್ಡ್ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತೆ. ಡಿಸ್ಕ್ ತಿರುಗಿ ಹುಡುಕಿ ತರೋ ತನಕ ಆಟ ಕಾಯುತ್ತೆ. ಕಾರ್ಡ್ ಏನು ಮಾಡುತ್ತೆ ಪಾಪ?' ಅಡುಗೆಮನೆ ಕಟ್ಟೆ ಚಿಕ್ಕದಾದಾಗ ಪ್ರತಿ ಡಬ್ಬಕ್ಕೂ ಅಟ್ಟ ಹತ್ತಿ ಇಳಿಯೋ ಹಾಗೆ ಅಂತ ನನಗೆ ಅರ್ಥ ಆಯ್ತು.

8 ಜಿಬಿಯ ಎರಡು ಹಳೇ ಡಿಡಿಆರ್3 ರ‍್ಯಾಮ್, ಎರಡು ಸಾವಿರ. ಒಂದೇ ದೊಡ್ಡದಕ್ಕಿಂತ ಜೋಡಿ ಹಾಕಿದರೆ ಪ್ರೊಸೆಸರ್ ಎರಡೂ ದಾರಿಯಲ್ಲಿ ಒಟ್ಟಿಗೆ ಓದುತ್ತಂತೆ. 500 ಜಿಬಿ ಎಸ್‌ಎಸ್‌ಡಿ, ಮೂರು ಸಾವಿರ. ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದರೆ ಹತ್ತು ವರ್ಷದ ಧೂಳು ಕಂಬಳಿ ಹಾಗೆ ಎದ್ದು ಬಂತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣ. ತೀರಾ ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತೆ. ಪೇಸ್ಟ್, ಕ್ಲೀನಿಂಗ್ ಸೇರಿ ಮುನ್ನೂರು ರೂಪಾಯಿ.

ಮನೆಗೆ ತಂದು ಹಾಕಿದೆ. ಬೂಟ್ ಆಗೋಕೆ ಕಾಫಿ ಮಾಡಿಕೊಂಡು ಬರ್ತಿದ್ದವಳಿಗೆ ಈಗ ಹಾಲು ಉಕ್ಕೋದರೊಳಗೆ ಡೆಸ್ಕ್‌ಟಾಪ್. ಆಟದಲ್ಲಿ ಎಫ್‌ಪಿಎಸ್ ತೊಂಬತ್ತರ ಆಸುಪಾಸು, ಪರದೆ ನಿಲ್ಲೋದಿಲ್ಲ. ತಮ್ಮನಿಗೆ ಮೆಸೇಜ್ ಹಾಕಿದೆ. ಶನಿವಾರ ಬಂದ. ಆದರೆ ದನಿ ಮಾತ್ರ ಹಾಗೇ ತುಂಡು ತುಂಡು!

ಅವತ್ತು ಅಳು ಬಂತು ಅಂದರೆ ನಗಬೇಡಿ. ಆದರೆ ಈ ಸಲ ಅಳೆದು ನೋಡೋ ಬುದ್ಧಿ ಬಂದಿತ್ತಲ್ಲ, ಗೇಮ್ ಸೆಟ್ಟಿಂಗ್ಸ್‌ನಲ್ಲಿ ಪಿಂಗ್ ಮತ್ತು ಪ್ಯಾಕೆಟ್ ಲಾಸ್ ಕಾಣೋ ಹಾಗೆ ಮಾಡಿದೆ. ಎಫ್‌ಪಿಎಸ್ ಅನ್ನೋದು ನನ್ನ ಪೆಟ್ಟಿಗೆಯ ವಿಷಯ. ಪಿಂಗ್ ಅನ್ನೋದು ನನ್ನ ಪೆಟ್ಟಿಗೆಯಿಂದ ಮುಂಬೈ ಸರ್ವರ್‌ಗೆ ಹೋಗಿ ಬರೋ ದಾರಿಯ ವಿಷಯ. ದಾರಿ ಕೆಟ್ಟಿದ್ದರೆ ಎಂಥ ಗಾಡಿ ತಂದರೂ ಅಷ್ಟೆ. ಸಾಮಾನ್ಯಕ್ಕೆ 30 ಮಿಲಿಸೆಕೆಂಡ್ ಇದ್ದ ಪಿಂಗ್ ಆಗಾಗ 250ಕ್ಕೆ ಜಿಗೀತಿತ್ತು. ಯಾವಾಗ ಅಂತ ಗಮನಿಸಿದರೆ, ಫ್ಲ್ಯಾಟ್‌ಮೇಟ್ ಅಡುಗೆಮನೆಯಲ್ಲಿ ಮೈಕ್ರೋವೇವ್ ಹಾಕಿದಾಗ! ನನ್ನ ಹಳೇ ವೈಫೈ ಡಾಂಗಲ್ 2.4 ಗಿಗಾಹರ್ಟ್ಸ್‌ನದು. ಮೈಕ್ರೋವೇವ್ ಓವನ್ ಕೂಡ ಅದರ ಸುತ್ತಮುತ್ತಲೇ ಕೆಲಸ ಮಾಡೋದು. ಜೊತೆಗೆ ರೌಟರ್ ಹಾಲ್‌ನಲ್ಲಿ, ನಡುವೆ ಎರಡು ಗೋಡೆ, ಸುತ್ತ ಅಪಾರ್ಟ್‌ಮೆಂಟಿನವರ ಹತ್ತಾರು ವೈಫೈ.

ಮರುದಿನ ಹದಿನೈದು ಮೀಟರ್ ಲ್ಯಾನ್ ಕೇಬಲ್ ತಂದೆ. ನಾನೂರು ರೂಪಾಯಿ. ಗೋಡೆಯಂಚಿಗೆ ಕ್ಲಿಪ್ ಹೊಡೆದು ರೂಮಿನವರೆಗೆ ಎಳೆದೆ. ಪಿಂಗ್ 28ರಲ್ಲಿ ಕೂತುಬಿಡ್ತು.

ಅವತ್ತೇ ರಾತ್ರಿ ತಮ್ಮನನ್ನು ಕರೆದೆ. ನಾಲ್ಕನೇ ರೌಂಡ್ ಮುಗಿದಾಗ ಕೇಳಿದೆ, 'ಆವತ್ತು ಏನೋ ಹೇಳ್ತಿದ್ಯಲ್ಲೋ, ಕೆಲಸ ಅಂತ? ನಂಗೆ ನಿಜವಾಗ್ಲೂ ಕೇಳಿಸಲಿಲ್ಲ.'

ಸ್ವಲ್ಪ ಹೊತ್ತು ಅವನ ಫ್ಯಾನಿನ ಸದ್ದು ಮಾತ್ರ ಕೇಳಿಸ್ತು. ಅಷ್ಟು ಸ್ಪಷ್ಟವಾಗಿ. ಆಮೇಲೆ ಹೇಳಿದ, 'ಕೆಲಸ ಹೋಗಿದೆ ಅಕ್ಕಾ. ನವೆಂಬರ್‌ನಲ್ಲೇ. ನೀನು ನಕ್ಕೆಯಲ್ಲ, ಅದಕ್ಕೆ ಮತ್ತೆ ಹೇಳೋಕಾಗ್ಲಿಲ್ಲ.'

ಆಟ ಅಲ್ಲಿಗೆ ಬಿಟ್ಟೆವು. ನಮ್ಮ ಟೀಮಿನ ಉಳಿದ ಮೂವರು ಬೈದುಕೊಂಡಿರಬೇಕು. ಬೆಳಗಿನ ಜಾವ ಎರಡರವರೆಗೆ ಮಾತಾಡಿದೆವು. ಬಾಡಿಗೆ ಎಷ್ಟು ತಿಂಗಳು ನಡೆಯುತ್ತೆ, ರೆಸ್ಯೂಮೆ ಯಾರಿಗೆ ಕಳಿಸಬೇಕು, ಅಪ್ಪನಿಗೆ ಯಾರು ಹೇಳೋದು. ಅಪ್ಪನಿಗೆ ನಾನೇ ಹೇಳಿದೆ. ಅಪ್ಪ ಬೈಯಲಿಲ್ಲ, 'ಊಟಕ್ಕೇನು ಮಾಡ್ತಿದಾನೆ?' ಅಂತ ಮಾತ್ರ ಕೇಳಿದರು. ಏಪ್ರಿಲ್‌ನಲ್ಲಿ ಅವನಿಗೆ ಪುಣೆಯಲ್ಲೇ ಬೇರೆ ಕೆಲಸ ಸಿಕ್ಕಿತು.

ನಿಮ್ಮ ಮನೆಯಲ್ಲೂ ಇಂಥ ಹಳೇ ಪೆಟ್ಟಿಗೆ ಇದ್ದರೆ ಒಂದು ಮಾತು: ದುಡ್ಡು ಬಿಚ್ಚೋ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಪಿಂಗ್ ನೋಡಿ, ಧೂಳು ತೆಗೆಯಿರಿ. ನಾನು ತಿರುಗುಮುರುಗಾಗಿ ಮಾಡಿ ಏಳು ಸಾವಿರದ ಕಾರ್ಡಿನಿಂದ ಶುರು ಮಾಡಿ ನಾನೂರರ ಕೇಬಲ್ಲಿಗೆ ಬಂದೆ. ಈ ಪ್ರೊಸೆಸರನ್ನು ವಿಂಡೋಸ್ 11 ಒಪ್ಪೋದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಬ್ಯಾಂಕು, ಆಫೀಸು ಯಾವುದನ್ನೂ ಇದರಲ್ಲಿ ತೆರೆಯಲ್ಲ. ಇದು ಶನಿವಾರಕ್ಕೆ ಮಾತ್ರ.

ಫ್ಲ್ಯಾಟ್‌ಮೇಟ್ ದಿನಕ್ಕೊಂದು ಸಲ ಆ ಕೇಬಲ್ ಎಡವುತ್ತಾಳೆ. ತೆಗೀತೀಯಾ ಇಲ್ವಾ ಅಂತ ಕೇಳ್ತಾಳೆ. ಇಲ್ಲ ಅಂತೀನಿ.