ಮುಚ್ಚಿದ ಪೆಟ್ಟಿಗೆಗೆ ಮಂಡಿ

ಮಂಗಳೂರಿಗೆ ನೆಂಟರು ಬಂದರೆ ಕಡಲು, ಐಸ್‌ಕ್ರೀಮು, ಮೀನೂಟ ಎಲ್ಲ ಮುಗಿದ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ತೋರಿಸದೆ ಕಳಿಸುವಂತಿಲ್ಲ. ಒಳಗೆ ಕಾಲಿಟ್ಟವರ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಇಟಲಿಯ ಬೆರ್ಗಮೊ ಕಡೆಯ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇಲ್ಲಿ ಕೂತು ಗೋಡೆ, ಕಮಾನು, ಮಾಡು ಯಾವುದನ್ನೂ ಖಾಲಿ ಬಿಡಲಿಲ್ಲ. ಕೊಟ್ಟಿಗೆಯ ಕೂಸು, ಶಿಲುಬೆ, ಸಂತರು, ದೇವದೂತರು, ಎತ್ತ ತಿರುಗಿದರೂ ಬಣ್ಣ. ಕ್ರೈಸ್ತರು ಕಣ್ಣಿಗೆ ಕಾಣದ ದೇವರನ್ನು ನಂಬುವವರು ಎಂದು ಅಲ್ಲಿ ನಿಂತು ಯಾರಾದರೂ ಹೇಳಿದರೆ ನೆಂಟರು ನಕ್ಕಾರು. ಇಲ್ಲಿ ಕಾಣದೆ ಉಳಿದದ್ದಾದರೂ ಏನು?

ಅಂಥವರಿಗೆ ನಾನು ಹೇಳುವುದಿಷ್ಟೆ: ಮಾಡು ಸಾಕು, ಪೂಜೆಗೆ ಬಂದ ಊರಿನ ಹೆಂಗಸರನ್ನು ನೋಡಿ. ಸೆರಗು ತಲೆಗೆಳೆದುಕೊಂಡು ಬಂದವಳು ಬೆಂಚಿನ ಸಾಲು ಸೇರುವ ಮೊದಲು ಬಲಮಂಡಿಯನ್ನು ನೆಲಕ್ಕೆ ಮುಟ್ಟಿಸಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ. ಮೊಸ್ಕೇನಿಯ ಯಾವ ಚಿತ್ರಕ್ಕೂ ಆ ಗೌರವ ಸಲ್ಲುವುದಿಲ್ಲ. ಸಲ್ಲುವುದು ಪೀಠದ ಹತ್ತಿರದ ಒಂದು ಸಣ್ಣ ಪೆಟ್ಟಿಗೆಗೆ, ಅದೂ ಬೀಗ ಹಾಕಿದ್ದಕ್ಕೆ. ಒಳಗೆ ಯೇಸುವೇ ಇದ್ದಾನೆಂದು ಅವರು ನಂಬುವ ಪರಮ ಪ್ರಸಾದವಿದೆ, ಪಕ್ಕದಲ್ಲಿ ಅದಕ್ಕೆ ಸಾಕ್ಷಿಯಾಗಿ ಪುಟ್ಟ ದೀಪ. ಬೀಗ ತೆಗೆದು ತೋರಿಸಿದರೂ ಕಾಣುವುದು ಗೋದಿಹಿಟ್ಟಿನ ತೆಳ್ಳನೆ ಬಿಳಿ ಬಿಲ್ಲೆ. ಕಣ್ಣಿಗೆ ಇಷ್ಟು ದೊಡ್ಡ ಔತಣ ಹಾಕಿದ ಕಟ್ಟಡದಲ್ಲೂ ಮಂಡಿ ಬಾಗುವುದು ಕಾಣದ್ದಕ್ಕೇ.

ಚಿತ್ರ ಬೇಕೇ ಬೇಡವೇ ಎಂದು ಕ್ರೈಸ್ತರು ತಮ್ಮತಮ್ಮಲ್ಲೇ ಹೊಡೆದಾಡಿದ್ದಿದೆ. ಎಂಟನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳೇ ಚಿತ್ರ ಒಡೆಸಿದರು. 787ರಲ್ಲಿ ನೈಸಿಯಾದಲ್ಲಿ ಸೇರಿದ ಸಭೆ ಚಿತ್ರಕ್ಕೆ ಗೌರವ ಸಾಕು, ಆರಾಧನೆ ದೇವರೊಬ್ಬನಿಗೇ ಎಂದು ಗೆರೆ ಎಳೆಯಿತು. ಕಾಣದ ದೇವರು ಯೇಸುವಿನಲ್ಲಿ ಕಾಣಿಸಿಕೊಂಡ ಮೇಲೆ ಆ ಮುಖ ಬರೆದರೆ ತಪ್ಪೇನು ಎಂಬುದು ಅವರ ವಾದ. ಆದರೂ ಜಗಳ ನಿಂತಿತೆ? 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟಂಟ್ ಪಂಥದ ಬಾಸೆಲ್ ಮಿಶನ್‌ನವರು ಕಟ್ಟಿದ ದೇವಾಲಯಕ್ಕೆ ಹೋಗಿ ನೋಡಿ. ಬಿಳಿ ಗೋಡೆ, ಒಂದು ಶಿಲುಬೆ, ಉಪದೇಶದ ಪೀಠ, ಅಲ್ಲಿಗೆ ಮುಗಿಯಿತು. ಅವರ ದೇವರು ಕಿವಿಯ ದಾರಿಯಿಂದ ಬರುವವನು. ಅಚ್ಚುಕೂಟ ಹಾಕಿದ್ದು, ಕನ್ನಡ ತುಳು ಎರಡರಲ್ಲೂ ಹಾಡು ಕಟ್ಟಿದ್ದು ಆ ಹಟದಿಂದಲೇ. ಕಾಣದವನನ್ನು ಕೇಳಿಸಿಯಾದರೂ ಬಿಡೋಣ ಎಂಬ ಹಟ. ಕನ್ನಡಕ್ಕೆ ಅದರಿಂದ ಲಾಭವಾಯಿತು, ಅದು ಬೇರೆ ಮಾತು.

ಇಗರ್ಜಿಯ ಕಥೋಲಿಕರೂ ಕಣ್ಣನ್ನು ಪೂರ್ತಿ ನಂಬಿದವರಲ್ಲ. ಈಸ್ಟರಿಗೆ ಮುಂಚಿನ ದಿನಗಳಲ್ಲಿ ಶಿಲುಬೆಗೂ ಪ್ರತಿಮೆಗಳಿಗೂ ನೇರಳೆ ಬಟ್ಟೆ ಮುಚ್ಚುವ ರೂಢಿ ಹಲವು ಕಡೆ ಇನ್ನೂ ಇದೆ. ವರ್ಷವಿಡೀ ಮುಖ ನೋಡಿ ಬೇಡಿಕೊಂಡ ಸಂತ ಅಂತೋನಿ ಆಗ ಬರೀ ನೇರಳೆ ಗಂಟು, ಯಾವ ಗಂಟು ಯಾವ ಸಂತನೆಂದು ಎತ್ತರ ನೋಡಿ ಊಹಿಸಬೇಕು. ಪವಿತ್ರ ಗುರುವಾರ ರಾತ್ರಿ ಪೀಠದ ಮೇಲಿನ ಬಟ್ಟೆಯನ್ನೂ ತೆಗೆಯುತ್ತಾರೆ. ಗಂಟೆ ಮೌನ, ಅದರ ಬದಲಿಗೆ ಮರದ ಖಟಖಟ. ಮರುದಿನ ಆ ಪೆಟ್ಟಿಗೆಯ ಬಾಗಿಲು ಹಾರುಹೊಡೆದು ತೆರೆದಿರುತ್ತದೆ, ಒಳಗೆ ಏನೂ ಇಲ್ಲ, ದೀಪವೂ ಇಲ್ಲ. ವರ್ಷದಲ್ಲಿ ಒಂದೇ ಸಲ ಒಳಗೇನಿದೆ ಎಂದು ಧಾರಾಳವಾಗಿ ನೋಡಬಹುದಾದ ದಿನ ಅದು, ಅಂದೇ ಅದು ಖಾಲಿ. ಈ ವ್ಯವಸ್ಥೆ ಮಾಡಿದವರು ಯಾರೋ, ಮನುಷ್ಯನ ಕುತೂಹಲವನ್ನು ಚೆನ್ನಾಗಿ ಬಲ್ಲವರು.

ನೋಡಿಯೇ ನಂಬುತ್ತೇನೆಂದು ಪಟ್ಟು ಹಿಡಿದ ಶಿಷ್ಯ ತೋಮನ ಕತೆ ಎಲ್ಲರಿಗೂ ಗೊತ್ತು. ಗಾಯದಲ್ಲಿ ಬೆರಳಿಡದೆ ಒಪ್ಪಲಾರೆ ಎಂದವನು. ಕರವಾಜ್ಜೊ ಬರೆದ ಚಿತ್ರದಲ್ಲಿ ಆ ಬೆರಳು ನಿಜಕ್ಕೂ ಯೇಸುವಿನ ಪಕ್ಕೆಯೊಳಗೆ ಹೋಗಿದೆ, ನೋಡಿದರೆ ನಮ್ಮ ಪಕ್ಕೆಯೇ ಜುಮ್ಮೆನ್ನುತ್ತದೆ. ಯೋಹಾನನ ಸುವಾರ್ತೆಯಲ್ಲಾದರೋ ಮುಟ್ಟು ಎಂಬ ಕರೆ ಇದೆ, ಅವನು ಮುಟ್ಟಿದನೆಂದು ಎಲ್ಲೂ ಬರೆದಿಲ್ಲ. ಎದುರಿಗೆ ಬಂದು ನಿಂತಾಗ ಬೆರಳಿನ ಷರತ್ತು ಮರೆತೇಹೋಯಿತೋ ಏನೋ. ಸಂಪ್ರದಾಯದ ಪ್ರಕಾರ ಈ ಸಂಶಯದ ಮನುಷ್ಯನೇ 52ರಲ್ಲಿ ಕೇರಳದ ಕರಾವಳಿಗೆ ಇಳಿದದ್ದು. ಇಂಥವನೊಬ್ಬನಿಂದಲೇ ತಮ್ಮ ಪೂರ್ವಜರು ದೀಕ್ಷೆ ಪಡೆದರು ಎಂದು ಅಲ್ಲಿನ ಹಳೆಯ ಕ್ರೈಸ್ತ ಮನೆತನಗಳು ಹೆಮ್ಮೆಯಿಂದ ಹೇಳಿಕೊಳ್ಳುವುದು ನನಗೆ ಬಹಳ ಇಷ್ಟ.

ಆದರೆ ತೋಮನ ಕಷ್ಟ ಎಂಟೇ ದಿನದ್ದು. ಮದರ್ ತೆರೇಸಾ ಅವರದು ಸುಮಾರು ಅರ್ಧ ಶತಮಾನದ್ದು. 1946ರ ಸೆಪ್ಟೆಂಬರ್‌ನಲ್ಲಿ ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರಿಗೆ ಕರೆ ಕೇಳಿಸಿತು, ಬಡವರ ನಡುವೆ ಹೋಗು ಎಂದು. ಹೋದರು. ಹೋದ ಮೇಲೆ ಕರೆದವನ ಸುಳಿವೇ ಇಲ್ಲ. 1958ರಲ್ಲಿ ಕೆಲವು ವಾರ ಬಿಟ್ಟರೆ ಆ ಕತ್ತಲೆ ಸರಿಯಲಿಲ್ಲವೆಂದು ತಮ್ಮ ಗುರುಗಳಿಗೆ ಬರೆದ ಪತ್ರಗಳಲ್ಲಿದೆ. ನಾಶಮಾಡಿ ಎಂದು ಆಕೆ ಬೇಡಿಕೊಂಡಿದ್ದ ಪತ್ರಗಳವು, 2007ರಲ್ಲಿ ಪುಸ್ತಕವಾಗಿ ಬಂದವು. ನಾಸ್ತಿಕರು, ನೋಡಿ, ಆಕೆಗೂ ನಂಬಿಕೆ ಇರಲಿಲ್ಲ ಎಂದರು. ಭಕ್ತರು ಗಾಬರಿಯಾಗಿ ಸಮರ್ಥನೆ ಹುಡುಕಿದರು. ನಂಬಿಕೆ ಎಂದರೆ ಎದೆಯೊಳಗೆ ಬೆಚ್ಚಗಾಗುವುದು ಎಂದು ಎರಡು ಕಡೆಯವರೂ ಒಪ್ಪಿಕೊಂಡಂತಿತ್ತು. ಆಕೆ ಮಾತ್ರ ಏನೂ ಅನ್ನಿಸದಿದ್ದರೂ ಬೆಳಗ್ಗೆ ಬೇಗ ಎದ್ದು ಅದೇ ಮುಚ್ಚಿದ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಆಮೇಲೆ ಕೋಲ್ಕತ್ತದ ಗಲ್ಲಿಗೆ ಹೊರಡುತ್ತಿದ್ದರು. 2016ರಲ್ಲಿ ರೋಮ್ ಅವರನ್ನು ಸಂತಳೆಂದು ಸಾರಿತು, ಈ ಪತ್ರಗಳನ್ನೆಲ್ಲ ಓದಿಕೊಂಡೇ.

ನಮ್ಮ ಪಕ್ಕದ ಮನೆಯಲ್ಲಿ ಇಂಥ ದೊಡ್ಡ ಮಾತಿಗೆ ಪುರುಸೊತ್ತಿಲ್ಲ. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುವಾಗುತ್ತದೆ. ಅಜ್ಜಿ ಜಪಮಣಿ ಹಿಡಿದು ಒಂದು ನಮೋ ಮರಿಯ ಅರ್ಧ ಹೇಳುತ್ತಾರೆ, ಉಳಿದರ್ಧ ಮಕ್ಕಳದು. ಮಧ್ಯೆ ಬೆಕ್ಕಿನ ಸದ್ದಾದರೆ ದನಿ ಬದಲಿಸದೆ, ಅದೇ ರಾಗದಲ್ಲಿ, ಮೀನಿನ ಪಾತ್ರೆ ಮುಚ್ಚಿದ್ದೀಯೇನೇ ಎಂದು ಸೊಸೆಯನ್ನು ಕೇಳಿ, ಬಿಟ್ಟ ಮಣಿಗೇ ಮರಳುತ್ತಾರೆ. ದೇವರು ಕಾಣಿಸುತ್ತಾನಾ ಅಜ್ಜಿ ಎಂದು ಒಮ್ಮೆ ಮೊಮ್ಮಗ ಕೇಳಿದ. ನಿನ್ನ ಅಪ್ಪ ದುಬೈಯಲ್ಲಿದ್ದಾನೆ, ಅವನು ಕಾಣಿಸುತ್ತಾನಾ ಎಂದರು ಅಜ್ಜಿ. ವಿಡಿಯೋ ಕಾಲ್‌ನಲ್ಲಿ ಕಾಣಿಸುತ್ತಾನಲ್ಲ ಎಂದ ಹುಡುಗ. ಅಜ್ಜಿ ಒಂದು ಗಳಿಗೆ ಅವನನ್ನೇ ದಿಟ್ಟಿಸಿ, ನೆಟ್ಟಗೆ ಕೂತು ಪ್ರಾರ್ಥನೆ ಹೇಳು ಎಂದು ಗದರಿದರು.